ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾರಂತರ ಪುಸ್ತಕಗಳ ಕುರಿತು ಬಂದ ಪತ್ರಗಳು

ಶಿವರಾಮ ಕಾರಂತರ ಪುಸ್ತಕಗಳನ್ನು ಓದಿದ ಅನುಭವವನ್ನು ಬರೆದು ಕಳುಹಿಸಬೇಕೆಂದು ಕಳೆದ ಸಂಚಿಕೆಯಲ್ಲಿ ಕೇಳಿಕೊಂಡಿದ್ದೆವು. ಮಂಗಳೂರು, ಉಡುಪಿ, ಪುತ್ತೂರು, ಕುಂದಾಪುರದ ಕಡೆಗಳಿಂದ ಬಂದ ಪತ್ರಗಳಲ್ಲಿ ಮೆಚ್ಚುಗೆಯಷ್ಟೇ ತಕರಾರೂ ಇದೆ. ಒಬ್ಬರು ಮತ್ತೆ ಮತ್ತೆ ಓದುವ ಪುಸ್ತಕವನ್ನು ಇನ್ನೊಬ್ಬರು ಅರ್ಧಕ್ಕೆ ಮಡಚಿಟ್ಟಿದ್ದಾರೆ. 1902ರಲ್ಲಿ ಕೋಟದಲ್ಲಿ ಹುಟ್ಟಿ 1997ರವರೆಗೆ ಬಾಳಿದ, 40ಕ್ಕೂ ಹೆಚ್ಚು ಕಾದಂಬರಿಗಳ ಜೊತೆಗೆ ಮಕ್ಕಳ ವಿಶ್ವಕೋಶ, ಅರ್ಥಕೋಶ, ಪ್ರವಾಸ ಕಥನ, ನಾಟಕ, ಯಕ್ಷಗಾನದ ಸಂಶೋಧನೆ ಎಲ್ಲವನ್ನೂ ಬರೆದ ಲೇಖಕರ ವಿಷಯದಲ್ಲಿ ಹಾಗಾಗುವುದು ಸಹಜವೇ. ಪತ್ರಗಳಲ್ಲಿ ಕೆಲವನ್ನು ಆಯ್ದು, ಸಂಕ್ಷೇಪಿಸಿ, ಬರೆದವರ ಹೆಸರನ್ನು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಜ್ಞಾನಪೀಠ ಬಂದ ಪುಸ್ತಕವೆಂಬ ಗೌರವದಿಂದ ‘ಮೂಕಜ್ಜಿಯ ಕನಸುಗಳು’ ಹಿಡಿದೆ. ಅಜ್ಜಿ ಮಾತನಾಡುತ್ತಲೇ ಇರುತ್ತಾಳೆ, ಕಥೆ ಮುಂದಕ್ಕೆ ಹೋಗುವುದೇ ಇಲ್ಲ. ಇದೇ ಲೇಖಕರ ‘ಬೆಟ್ಟದ ಜೀವ’ವನ್ನು ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದವನು ನಾನು. ಕೊರತೆ ನನ್ನದೋ, ಪುಸ್ತಕದ್ದೋ? (ನಿವೃತ್ತ ಬ್ಯಾಂಕ್ ಉದ್ಯೋಗಿ, ಕುಂದಾಪುರ)

ಉತ್ತರ: ಮಾನ್ಯರೇ, ಕೊರತೆ ನಿಮ್ಮದಲ್ಲ. ಇದೇ ಮಾತನ್ನು ಇನ್ನೂ ಹಲವರು ಬರೆದಿದ್ದಾರೆ. 1968ರಲ್ಲಿ ಬಂದ ಈ ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿ ದೊರೆತ ಮೇಲೆ ಕಾರಂತರನ್ನು ಓದಲು ಹೊರಟವರೆಲ್ಲ ಮೊದಲು ಇದನ್ನೇ ಕೈಗೆತ್ತಿಕೊಳ್ಳುವಂತಾಯಿತು. ಅವರ ಕಾದಂಬರಿಗಳಲ್ಲಿ ಹೊಸ ಓದುಗನಿಗೆ ಅತ್ಯಂತ ಕಠಿಣವಾದದ್ದೂ ಇದೇ ಎಂದು ನನ್ನ ಅಭಿಪ್ರಾಯ.

ನೀವು ಕಥೆ ಎಂದು ನಿರೀಕ್ಷಿಸಿದ್ದು ಈ ಪುಸ್ತಕದಲ್ಲಿ ಬೇರೆ ಜಾಗದಲ್ಲಿದೆ. ಎಳವೆಯಲ್ಲೇ ವಿಧವೆಯಾಗಿ, ಬಾಯಿ ಮುಚ್ಚಿಕೊಂಡೇ ಬದುಕು ಕಳೆದು, ಊರವರ ಬಾಯಲ್ಲಿ ಮೂಕಜ್ಜಿಯಾದ ಮೂಕಾಂಬಿಕೆಗೆ ಒಂದು ವಸ್ತುವನ್ನು ಮುಟ್ಟಿದರೆ ಅದರ ಹಿಂದಿನ ಕಾಲ ಕಾಣುತ್ತದೆ. ಓದು ಕಲಿತ ಮೊಮ್ಮಗ ಸುಬ್ಬರಾಯ ತನಗೆ ಸಿಕ್ಕ ಹಳೆಯ ವಸ್ತುಗಳನ್ನು ತಂದು ಅವಳ ಕೈಗಿಡುತ್ತಾನೆ. ಅಜ್ಜಿ ಅದನ್ನು ಹಿಡಿದುಕೊಂಡು, ದೇವರು ಹೇಗೆ ಹುಟ್ಟಿದ, ಹೆಣ್ಣು ಗಂಡಿನ ಸಂಬಂಧವನ್ನು ಯಾರು ಯಾವಾಗ ಪಾಪವೆಂದರು ಎಂದು ತನಗೆ ಕಂಡದ್ದನ್ನು ಹೇಳುತ್ತಾಳೆ. ಅಕ್ಷರ ಬಾರದ, ತಾನೇ ಸಂಸಾರ ಸುಖದಿಂದ ವಂಚಿತಳಾದ ಮುದುಕಿ, ಶಾಸ್ತ್ರ ಬಲ್ಲವರು ಆಡಲು ಅಂಜುವ ಮಾತನ್ನು ಯಾವ ಕಹಿಯೂ ಇಲ್ಲದೆ ಆಡುತ್ತಾಳೆ. ಗಂಡ ಬಿಟ್ಟ ನಾಗಿಯಂಥವರನ್ನು ಊರು ತೀರ್ಮಾನಿಸುವ ರೀತಿಗೂ ಅಜ್ಜಿ ನೋಡುವ ರೀತಿಗೂ ಇರುವ ಅಂತರವನ್ನು ಗಮನಿಸಿದರೆ ಕಥೆ ಎಲ್ಲಿದೆ ಎಂಬುದು ನಿಮಗೆ ತಿಳಿಯುತ್ತದೆ. ಅಜ್ಜಿಯ ದರ್ಶನ ಕೆಲವೆಡೆ ಉಪನ್ಯಾಸವಾಗಿಬಿಡುತ್ತದೆ, ಅಲ್ಲಿ ಕಾದಂಬರಿ ಜೋಲುತ್ತದೆ ಎಂಬ ನಿಮ್ಮ ಆಕ್ಷೇಪವನ್ನು ನಾನೂ ಒಪ್ಪುತ್ತೇನೆ. ಒಂದೇ ರಾತ್ರಿಯಲ್ಲಿ ಓದುವ ಪುಸ್ತಕ ಇದಲ್ಲ. ದಿನಕ್ಕೆ ಒಂದು ಅಧ್ಯಾಯ ಓದಿ, ಅಜ್ಜಿಯ ಯಾವ ಮಾತನ್ನು ಒಪ್ಪಲಾಗಲಿಲ್ಲ ಎಂದು ಮನೆಯವರೊಂದಿಗೆ ಜಗಲಿಯಲ್ಲಿ ಕುಳಿತು ವಾದಿಸಿ ನೋಡಿ. ಬಿಟ್ಟ ಪುಟದಿಂದಲೇ ಮುಂದುವರಿಸಬಹುದು, ಮೊದಲಿನಿಂದ ಓದಬೇಕಾಗಿಲ್ಲ.

ಪ್ರಶ್ನೆ: ಕಾದಂಬರಿಕಾರರು ವಿಜ್ಞಾನದ ಸಂಪುಟಗಳನ್ನು ಏಕೆ ಬರೆದರು ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಮೊಬೈಲಿನಲ್ಲಿ ಎಲ್ಲವೂ ಸಿಗುವ ಈಗ ಅವನ್ನು ಶಾಲೆಯ ಕಪಾಟಿನಲ್ಲಿ ಇಟ್ಟುಕೊಂಡು ಪ್ರಯೋಜನವಿದೆಯೇ? (ಪ್ರೌಢಶಾಲಾ ಶಿಕ್ಷಕಿ, ಪುತ್ತೂರು)

ಉತ್ತರ: ಈ ಪ್ರಶ್ನೆ ನಿಮ್ಮ ಊರಿನಿಂದಲೇ ಬಂದದ್ದು ನನಗೆ ಸಂತೋಷದ ಸಂಗತಿ. ಮಕ್ಕಳ ಕಲಿಕೆ ಹೇಗಿರಬೇಕೆಂದು ಕಾರಂತರು ಕೈಯಾರೆ ಪರೀಕ್ಷಿಸಿ ನೋಡಿದ್ದು ಪುತ್ತೂರಿನಲ್ಲಿ ತಾವೇ ಕಟ್ಟಿದ ಬಾಲವನದಲ್ಲಿ. ಮೂರು ಸಂಪುಟಗಳ ‘ಬಾಲಪ್ರಪಂಚ’ ಪ್ರಕಟವಾದದ್ದು 1936ರಲ್ಲಿ. ಆಗ ಕನ್ನಡದಲ್ಲಿ ಮಕ್ಕಳಿಗಾಗಿ ಅಂಥ ಕೋಶವೇ ಇರಲಿಲ್ಲ. ವಿಶ್ವವಿದ್ಯಾನಿಲಯವೊಂದು ಹತ್ತಾರು ಪಂಡಿತರನ್ನು ಕೂಡಿಸಿ ಮಾಡಬೇಕಾದ ಕೆಲಸವನ್ನು, ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜು ಬಿಟ್ಟಿದ್ದ ಒಬ್ಬ ವ್ಯಕ್ತಿ ತಾನೇ ಓದಿ, ತಾನೇ ಬರೆದು ಮುಗಿಸಿದರು. ಮುಂದೆ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವೂ ಬಂತು. ಇಳಿವಯಸ್ಸಿನಲ್ಲಿ ಪತ್ರಿಕೆಯ ಮೂಲಕ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಬರೆಯುತ್ತ ಎಲ್ಲರಿಗೂ ಕಾರಂತಜ್ಜನಾದರು. ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಕುರಿತು ಪುಸ್ತಕ ಬರೆದರು.

ಏಕೆ ಎಂಬುದಕ್ಕೆ ನನ್ನ ಉತ್ತರ ಇಷ್ಟು: ಯಾರೋ ಹೇಳಿದರೆಂದು ಒಪ್ಪದೆ ತಾನೇ ಹೋಗಿ ನೋಡಬೇಕೆಂಬ ಹಟವೊಂದೇ ಕಾರಂತರಿಂದ ಇಷ್ಟೆಲ್ಲ ಬಗೆಯ ಪುಸ್ತಕಗಳನ್ನು ಬರೆಸಿತು. ಒಂದು ಜೀವಿ ಹೇಗೆ ಬದುಕುತ್ತದೆ ಎಂದು ಕುತೂಹಲದಿಂದ ನೋಡುವ ಕಣ್ಣಿಗೆ ಕಪ್ಪೆ, ನಕ್ಷತ್ರ, ‘ಮರಳಿ ಮಣ್ಣಿಗೆ’ಯ ಕಡಲತಡಿಯ ವಿಧವೆ, ‘ಬೆಟ್ಟದ ಜೀವ’ದ ಕಾಡಿನ ಅಡಿಕೆ ಕೃಷಿಕ ಎಲ್ಲರೂ ನೋಡತಕ್ಕ ವಿಷಯಗಳೇ. ‘ಮೂಕಜ್ಜಿಯ ಕನಸುಗಳು’ ಬರೆಯಲು ಮನುಷ್ಯಕುಲದ ಹಳೆಯ ಚರಿತ್ರೆಯನ್ನು ಅರಗಿಸಿಕೊಂಡಿರಬೇಕಾಗಿತ್ತು, ಅದಕ್ಕೆ ಬೇಕಾದ ಓದು ಈ ಸಂಪುಟಗಳ ಕಾಲದಲ್ಲೇ ನಡೆದಿತ್ತು.

ಪ್ರಯೋಜನದ ಮಾತು: ವಿಜ್ಞಾನದ ಸಂಗತಿಗಳಲ್ಲಿ ಹಲವು ಹಳತಾಗಿವೆ, ಆ ಕೆಲಸಕ್ಕೆ ಹೊಸ ಪುಸ್ತಕಗಳನ್ನೇ ಬಳಸಿ. ಆದರೆ ಒಂದು ಸಂಕೀರ್ಣ ವಿಷಯವನ್ನು ಹಳ್ಳಿಯ ಮಗುವಿಗೆ ತಿಳಿಯುವ ಕನ್ನಡದಲ್ಲಿ, ಎಲ್ಲಿಯೂ ಮಗುವನ್ನು ಕೀಳಾಗಿ ಕಾಣದೆ ಹೇಳುವುದು ಹೇಗೆಂದು ತೋರಿಸಲು ಅವು ಕಪಾಟಿನಲ್ಲಿ ಇರಲೇಬೇಕು. ಒಂದು ಪುಟವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ, ಇದರಲ್ಲಿ ಇಂದು ಬದಲಾಗಿರುವುದು ಏನೆಂದು ಹುಡುಕಿ ತರಲು ಮಕ್ಕಳಿಗೆ ಹೇಳಿ.

ಪ್ರಶ್ನೆ: ‘ಯಕ್ಷಗಾನ ಬಯಲಾಟ’ದಲ್ಲಿ ನಮ್ಮ ಕಲೆಯ ಪರಂಪರೆಯನ್ನು ಅಷ್ಟು ಶ್ರದ್ಧೆಯಿಂದ ದಾಖಲಿಸಿದವರೇ ತಮ್ಮ ಪ್ರಯೋಗಗಳಲ್ಲಿ ಮಾತುಗಾರಿಕೆಯನ್ನು ತೆಗೆದು ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿದರು. ಇದನ್ನು ಹೇಗೆ ಒಪ್ಪುವುದು? (ಹವ್ಯಾಸಿ ವೇಷಧಾರಿ, ಬ್ರಹ್ಮಾವರ)

ಉತ್ತರ: ಒಪ್ಪಲೇಬೇಕೆಂದು ಯಾರೂ ಹೇಳಲಾರರು. ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯ ಅರ್ಥಗಾರಿಕೆ ಕೇಳುತ್ತ ಬೆಳೆದ ಯಾರಿಗೇ ಆದರೂ ಮಾತಿಲ್ಲದ ಯಕ್ಷಗಾನ ಬರಿದೆನಿಸುವುದು ಸಹಜ, ನನಗೂ ಹಾಗೆಯೇ ಅನಿಸುತ್ತದೆ. ಆದರೂ ಆ ಪುಸ್ತಕವನ್ನೂ ಪ್ರಯೋಗವನ್ನೂ ಎದುರಾಳಿಗಳೆಂದು ನೋಡಬೇಡಿ. 1957ರಲ್ಲಿ ಬಂದು, 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಗ್ರಂಥಕ್ಕಾಗಿ ಅವರು ಹಳೆಯ ಪ್ರಸಂಗಗಳನ್ನು, ರಾಗ ತಾಳಗಳನ್ನು, ವೇಷಭೂಷಣಗಳನ್ನು ಹುಡುಕಿಕೊಂಡು ಅಲೆದಿದ್ದರು. ಈ ಕಲೆಯ ನಿಜವಾದ ಬಲ ಹಾಡು, ಕುಣಿತ, ಬಣ್ಣಗಳಲ್ಲಿದೆ ಎಂಬ ತೀರ್ಮಾನಕ್ಕೆ ಬಂದರು. ಕನ್ನಡ ತಿಳಿಯದವನ ಮುಂದೆಯೂ ಅದು ನಿಲ್ಲಬಲ್ಲದೇ ಎಂಬುದನ್ನು ರಂಗದ ಮೇಲೆಯೇ ಪರೀಕ್ಷಿಸಿದರು. ಆ ಶೋಧನೆಯ ಫಲವನ್ನು ಉಡುಪಿಯವರು ಹತ್ತಿರದಿಂದ ಕಂಡಿದ್ದಾರೆ, ಎಂ.ಜಿ.ಎಂ. ಕಾಲೇಜಿನ ಯಕ್ಷಗಾನ ಕೇಂದ್ರದೊಂದಿಗೂ ಅವರ ನಂಟು ಗಾಢವಾಗಿತ್ತು. ಪ್ರಯೋಗವನ್ನು ತಿರಸ್ಕರಿಸುವ ಹಕ್ಕು ನಿಮಗಿದೆ. ಗ್ರಂಥವನ್ನು ಮಾತ್ರ ವೇಷಧಾರಿಯಾದ ನೀವು ಕೈಬಿಡಬಾರದು.

ಪ್ರಶ್ನೆ: ಮೊದಲ ಬಾರಿಗೆ ಓದುವವಳು ನಾನು. ಯಾವುದರಿಂದ ಆರಂಭಿಸಲಿ? (ಕಾಲೇಜು ವಿದ್ಯಾರ್ಥಿನಿ, ಮಂಗಳೂರು)

ಉತ್ತರ: 1943ರ ‘ಬೆಟ್ಟದ ಜೀವ’. ಕುಮಾರಪರ್ವತದ ಮಗ್ಗುಲಿನ ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿಗಳ ಮನೆ ಸೇರುತ್ತಾನೆ, ಅವರು ಅವನನ್ನು ಬೇಗ ಹೊರಡಗೊಡುವುದಿಲ್ಲ. ಕಾಡು ಕಡಿದು ತೋಟ ಮಾಡಿದ ಆ ಹಿರಿಯನ ಉತ್ಸಾಹದ ಮಾತಿನ ಅಡಿಯಲ್ಲಿ, ಮನೆ ಬಿಟ್ಟು ಹೋದ ಮಗ ಶಂಭುವಿನ ಸಂಕಟ ಹರಿಯುತ್ತಲೇ ಇರುತ್ತದೆ. ಅದು ಹಿಡಿಸಿದರೆ, ಸತ್ತ ಪರಿಚಿತನೊಬ್ಬನ ಬದುಕನ್ನು ಬೆನ್ನಟ್ಟಿ ಹೋಗುವ ‘ಅಳಿದ ಮೇಲೆ’ ಓದಿ.

ಪ್ರಶ್ನೆ: ನನ್ನ ಅತ್ತೆಯವರಿಗೆ ಕಣ್ಣು ಮಂಜಾಗಿರುವುದರಿಂದ ‘ಮರಳಿ ಮಣ್ಣಿಗೆ’ಯನ್ನು ದಿನವೂ ಓದಿ ಹೇಳುತ್ತಿದ್ದೇನೆ. ನಡುನಡುವೆ ತಡೆದು, ಮಳೆಗಾಲದಲ್ಲಿ ತಾವು ಹೊಳೆಯಲ್ಲಿ ತೇಲಿ ಬರುತ್ತಿದ್ದ ಕಟ್ಟಿಗೆ ಹಿಡಿದದ್ದು, ಮಡಲು ಹೆಣೆದದ್ದು ಎಲ್ಲ ಹೇಳುತ್ತಾರೆ. ಅವರಿಗೆ ರಾಮ ಐತಾಳರ ಮೇಲೆ ಬಹಳ ಸಿಟ್ಟು. ಈ ಕಾದಂಬರಿಯ ನಾಯಕ ಯಾರು ಎಂದು ಕೇಳುತ್ತಿದ್ದಾರೆ. (ಗೃಹಿಣಿ, ಸಾಲಿಗ್ರಾಮ)

ಉತ್ತರ: ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ. ಈ ಸಲ ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಕಾದಂಬರಿ ಮೂರು ತಲೆಮಾರುಗಳದ್ದು: ರಾಮ ಐತಾಳರು, ಮಗ ಲಚ್ಚ, ಮೊಮ್ಮಗ ರಾಮ. ಹೆಸರಿನ ಲೆಕ್ಕದಲ್ಲಿ ಇದು ಗಂಡಸರ ವಂಶಾವಳಿ. ಆದರೆ ಸಮುದ್ರಕ್ಕೂ ಹಿನ್ನೀರಿಗೂ ನಡುವಿನ ಆ ಮರಳು ನೆಲದಲ್ಲಿ ಮನೆ ಎಂಬುದೊಂದು ನಿಂತದ್ದು ಐತಾಳರ ತಂಗಿ ಸರಸೋತಿ ಮತ್ತು ಹೆಂಡತಿ ಪಾರೋತಿಯ ದುಡಿಮೆಯಿಂದ, ಮುಂದೆ ಲಚ್ಚನ ಹೆಂಡತಿ ನಾಗವೇಣಿಯ ತಾಳ್ಮೆಯಿಂದ. ಇವರ ಕೆಲಸವನ್ನು ಕಾರಂತರು ಹೊಗಳಿ ಎತ್ತರಿಸುವುದಿಲ್ಲ, ಪುಟ ಪುಟಗಳಲ್ಲಿ ಮಾಡಿಸುತ್ತ ಹೋಗುತ್ತಾರೆ, ಹಾಗಾಗಿಯೇ ಕೈಯಾರೆ ಅದನ್ನು ಮಾಡಿದವರಿಗೆ ತಮ್ಮ ಬದುಕು ಗುರುತು ಸಿಗುತ್ತದೆ. ಕಡಲಿನ ಮೊರೆತ ಆ ಪುಸ್ತಕದಲ್ಲಿ ಎಂದೂ ನಿಲ್ಲುವುದಿಲ್ಲ. ನನ್ನ ಮಟ್ಟಿಗೆ ಕಾದಂಬರಿ ಸರಸೋತಿಯದು. ಅತ್ತೆಯವರು ಬೇರೆ ಹೆಸರು ಹೇಳಿದರೆ ದಯವಿಟ್ಟು ಬರೆದು ತಿಳಿಸಿ, ಈ ಪ್ರಶ್ನೆಯಲ್ಲಿ ಅವರ ಮಾತಿಗೆ ನನ್ನದಕ್ಕಿಂತ ತೂಕ ಹೆಚ್ಚು.

ಪ್ರಶ್ನೆ: ಇಷ್ಟೊಂದು ಬರೆದದ್ದರಿಂದ ಗುಣಮಟ್ಟ ಕುಸಿಯಲಿಲ್ಲವೇ? ಕೆಲವು ಕಾದಂಬರಿಗಳು ಅವಸರದಲ್ಲಿ ಬರೆದಂತಿವೆ. (ಗ್ರಂಥಪಾಲಕರು, ಮೂಡುಬಿದಿರೆ)

ಉತ್ತರ: ಕುಸಿದಿದೆ, ಅದನ್ನು ಮರೆಮಾಚಬೇಕಾಗಿಲ್ಲ. ವಾಕ್ಯವನ್ನು ತಿದ್ದಿ ತೀಡುವ ಲೇಖಕರು ಅವರಲ್ಲ. ಹೇಳಬೇಕಾದ ಸಂಗತಿ ಗಟ್ಟಿಯಾಗಿದ್ದಲ್ಲಿ ಆ ಒರಟು ಗದ್ಯವೇ ಶಕ್ತಿಯಾಗುತ್ತದೆ, ಸಂಗತಿ ತೆಳುವಾದಲ್ಲಿ ಚರ್ಚೆ ಮಾತ್ರ ಉಳಿಯುತ್ತದೆ. ಆದರೆ ಗ್ರಂಥಪಾಲಕರಾದ ನಿಮ್ಮಲ್ಲಿ ಒಂದು ವಿನಂತಿ. ಹೆಸರಾದ ಐದಾರು ಕಾದಂಬರಿಗಳನ್ನಷ್ಟೇ ಎದುರಿನ ಸಾಲಿನಲ್ಲಿ ಇಡಬೇಡಿ. ‘ಸರಸಮ್ಮನ ಸಮಾಧಿ’ಯಲ್ಲಿ ಸಹಗಮನ ಮಾಡಿದ ಹೆಣ್ಣಿನ ಸಮಾಧಿಗೆ ಹರಕೆ ಹೊರುವವರ ದಾಂಪತ್ಯಗಳ ಒಳಗನ್ನು ದೆವ್ವದ ಕಥೆಯ ರೂಪದಲ್ಲಿ ಬಿಚ್ಚಿಡುವ ಧೈರ್ಯವಿದೆ. ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂಬ ಆತ್ಮಕಥೆ ಓದಿದವರಿಗೆ, ಇಷ್ಟು ಬಗೆಯ ಹವ್ಯಾಸಗಳು ಒಂದೇ ತಲೆಯಲ್ಲಿ ಹೇಗೆ ಹಿಡಿದವು ಎಂಬುದೂ ಅರ್ಥವಾಗುತ್ತದೆ.

ಪ್ರಶ್ನೆ: ಅಸ್ಪೃಶ್ಯರೆನಿಸಿಕೊಂಡ ಚೋಮನ ಸಮುದಾಯದಲ್ಲೇ ಹುಟ್ಟಿದವನು ನಾನು. ಕಾಲೇಜಿನಲ್ಲಿ ‘ಚೋಮನ ದುಡಿ’ ಪಾಠವಾದಾಗ ಸಹಪಾಠಿಗಳೆಲ್ಲ ಕಣ್ಣೀರು ಹಾಕಿದರು, ನನಗೆ ಕೋಪ ಬಂತು. ಮೇಲ್ಜಾತಿಯ ಲೇಖಕರು ನಮ್ಮನ್ನು ಸೋಲಿಸಿಯೇ ಏಕೆ ಮುಗಿಸಬೇಕಿತ್ತು? (ಯುವ ಓದುಗ, ಬೆಳ್ತಂಗಡಿ)

ಉತ್ತರ: ನಿಮ್ಮ ಕೋಪ ನ್ಯಾಯವಾದದ್ದು, ಕಣ್ಣೀರಿಗಿಂತ ಅದು ಆ ಪುಸ್ತಕಕ್ಕೆ ಹೆಚ್ಚು ಹತ್ತಿರದ್ದು ಎಂದೂ ನನಗೆ ಅನಿಸುತ್ತದೆ. 1933ರಲ್ಲಿ ಬಂದ ಆ ಕಾದಂಬರಿಯಲ್ಲಿ ಚೋಮ ಕೇಳುವುದು ಕರುಣೆಯನ್ನಲ್ಲ, ಉಳಲು ಸ್ವಂತದ ಒಂದು ತುಂಡು ಗದ್ದೆಯನ್ನು. ಎತ್ತುಗಳಿವೆ, ತೋಳಿನಲ್ಲಿ ಬಲವಿದೆ, ನೆಲ ಮಾತ್ರ ಇಲ್ಲ. ಧಣಿ ಸಂಕಪ್ಪಯ್ಯನ ಮನಸ್ಸು ತುಸು ಮೆತ್ತಗಾದರೂ ಅವನ ತಾಯಿಯ ಸಂಪ್ರದಾಯ ಅಡ್ಡ ಬರುತ್ತದೆ. ಮಗ ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದಾರೆ, ಮುಟ್ಟಬಾರದೆಂಬ ಒಂದೇ ಕಾರಣಕ್ಕೆ ಅವನು ಸಾಯುತ್ತಾನೆ. ಆ ಪುಟದಲ್ಲಿ ಲೇಖಕರು ಬೊಟ್ಟು ಮಾಡುವುದು ದಡದಲ್ಲಿ ನಿಂತವರ ಕಡೆಗೆ, ಅಂದರೆ ತಮ್ಮದೇ ಜನರ ಕಡೆಗೆ.

ಇಷ್ಟಾದರೂ ನಿಮ್ಮ ಪ್ರಶ್ನೆ ಉಳಿಯುತ್ತದೆ. ಕಾರಂತರು ಹೊರಗಿನಿಂದ ನೋಡಿದವರು, ಎಷ್ಟೇ ಪ್ರಾಮಾಣಿಕವಾಗಿ ನೋಡಿದರೂ ಗುಡಿಸಲಿನ ಒಳಗಿನ ನಗು, ಜಗಳ, ಹಟ, ಯುಕ್ತಿಗಳೆಲ್ಲ ಅವರ ಕಣ್ಣಿಗೆ ಬಿದ್ದಿರಲಾರವು. ಚೋಮನಿಗೆ ದುಡಿಯೆಂಬ ಚರ್ಮವಾದ್ಯವನ್ನು ಬಿಟ್ಟು ಬೇರೆ ಮಾತನ್ನು ಅವರು ಕೊಡಲಿಲ್ಲ ಎಂಬ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣ ಸಮಾಧಾನವಿಲ್ಲ. ಕರ್ನಾಟಕದಲ್ಲಿ ಉಳುವವನಿಗೆ ನೆಲ ಕೊಡುವ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಆಗಲೂ ಗೇಣಿ ಹಕ್ಕು ಇದ್ದವನಿಗೆ ಭೂಮಿ ದಕ್ಕಿತು, ಚೋಮನಂತೆ ಧಣಿಯ ಗದ್ದೆಯಲ್ಲಿ ಬರಿಯ ಆಳಾಗಿದ್ದವನಿಗೆ ಆ ದಾರಿ ತೆರೆಯಲಿಲ್ಲ. ನೆಲವಿಲ್ಲದ ಚೋಮನ ಮಕ್ಕಳು, ಮೊಮ್ಮಕ್ಕಳು ಮುಂದೆ ಹೇಗೆ ಬದುಕಿದರು ಎಂಬುದನ್ನು ಕಾರಂತರ ಯಾವ ಪುಸ್ತಕದಿಂದಲೂ ತಿಳಿಯಲಾಗದು, ನಿಮ್ಮ ಮನೆಯ ಹಿರಿಯರಿಗೆ ಅದು ಗೊತ್ತಿದೆ. ಜಾಗದ ಅಭಾವದಿಂದ ನಿಮ್ಮ ಪತ್ರವನ್ನು ಇಲ್ಲಿ ಮೊಟಕುಗೊಳಿಸಬೇಕಾಯಿತು. ನಿಮ್ಮ ಒಪ್ಪಿಗೆ ದೊರೆತರೆ ಮುಂದಿನ ಸಂಚಿಕೆಯಲ್ಲಿ ಅದನ್ನು ಪೂರ್ತಿಯಾಗಿ, ಪ್ರತ್ಯೇಕ ಲೇಖನವಾಗಿ ಪ್ರಕಟಿಸುತ್ತೇವೆ. ಹಿರಿಯರಿಂದ ಕೇಳಿದ್ದನ್ನೂ ಅದಕ್ಕೆ ಸೇರಿಸಿ ಕಳುಹಿಸಿ, ಪುಟಗಳ ಮಿತಿಯನ್ನು ನಿಮಗೆ ಹಾಕುವುದಿಲ್ಲ.