ಸಂಜೆ ಐದಕ್ಕೆ ಬಂದವನಿಗೂ ಅದೇ ಕೂಲಿ

ನಿಮ್ಮ ಪ್ರಶ್ನೆ ಇದು: "ನಾನು ಕ್ರೈಸ್ತನಲ್ಲ. ಕುತೂಹಲಕ್ಕೆ ಯೇಸು ಹೇಳಿದ ಕತೆಗಳನ್ನು ಓದುತ್ತಿದ್ದೇನೆ. ದ್ರಾಕ್ಷಿ ತೋಟದ ಕೂಲಿಗಳ ಕತೆ ಓದಿದ ಮೇಲೆ ಇದು ಅನ್ಯಾಯ ಅನ್ನಿಸಿತು. ಇಂಥದ್ದರಿಂದ ದಿನನಿತ್ಯದ ಬದುಕಿಗೆ ಏನು ಕಲಿಯೋದು?"

ಅನ್ಯಾಯ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಮನೆಯಲ್ಲಿ ಈ ಒಂದು ಕತೆಗೆ ಮೂವತ್ತು ವರ್ಷದಿಂದ ವಾದ ನಡೆದಿದೆ. ನಮ್ಮಪ್ಪ ಗಾರೆ ಮೇಸ್ತ್ರಿ. ಮೈಸೂರಿನಲ್ಲಿ ಸಣ್ಣ ಪುಟ್ಟ ಮನೆಗಳನ್ನು ಕಟ್ಟುತ್ತಿದ್ದರು, ಕೈಕೆಳಗೆ ಎಂಟು ಹತ್ತು ಆಳು. ಮೂರು ವರ್ಷಕ್ಕೊಮ್ಮೆ ಸೆಪ್ಟೆಂಬರ್ ಹೊತ್ತಿಗೆ ಭಾನುವಾರದ ಪೂಜೆಯಲ್ಲಿ ಈ ಸಾಮತಿ ಓದುತ್ತಾರೆ. ಇಂಥ ಕತೆಗಳಿಗೆ ನಮ್ಮ ಚರ್ಚಿನಲ್ಲಿ ಸಾಮತಿ ಅನ್ನುತ್ತೇವೆ. ಆ ದಿನ ಮನೆಗೆ ಬರುವ ದಾರಿಯಲ್ಲೇ ಅಪ್ಪ ಶುರು ಮಾಡುತ್ತಿದ್ದರು. "ಹಿಂಗೆ ಬಟವಾಡೆ ಮಾಡಿದ್ರೆ ನಾಳೆ ಬೆಳಿಗ್ಗೆ ಒಬ್ಬ ಆಳೂ ಬರಲ್ಲ ಕಣಮ್ಮ, ಎಲ್ಲರೂ ಸಂಜೆ ಐದಕ್ಕೇ ಬರ್ತಾರೆ."

ಓದದವರಿಗಾಗಿ ಕತೆ ಹೇಳಿಬಿಡುತ್ತೇನೆ. ಬೈಬಲಿನಲ್ಲಿ ಮತ್ತಾಯನ ಶುಭಸಂದೇಶ, 20ನೇ ಅಧ್ಯಾಯದ ಮೊದಲ 16 ವಾಕ್ಯ. ಒಬ್ಬ ತೋಟದ ಯಜಮಾನ ಬೆಳಗಾಗುತ್ತಲೇ ಪೇಟೆಗೆ ಹೋಗಿ ಆಳುಗಳನ್ನು ಕರೆಯುತ್ತಾನೆ. ದಿನಕ್ಕೆ ಒಂದು ದೆನಾರಿ ಅಂತ ಮಾತಾಗುತ್ತದೆ. ಒಂಬತ್ತು ಗಂಟೆಗೆ ಮತ್ತೆ ಹೋಗುತ್ತಾನೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಹೋಗುತ್ತಾನೆ. ಹೋದಾಗೆಲ್ಲ ಅಲ್ಲಿ ಇನ್ನೂ ಜನ ನಿಂತಿರುತ್ತಾರೆ, ಅವರನ್ನೂ ಕರೆದುಕೊಂಡು ಬರುತ್ತಾನೆ. ಹೊತ್ತು ಮುಳುಗುವಾಗ ಕೂಲಿ ಕೊಡಿಸುತ್ತಾನೆ, ಅದೂ ಕೊನೆಗೆ ಬಂದವರಿಂದ ಶುರು ಮಾಡಿ. ಅವರಿಗೂ ಒಂದು ದೆನಾರಿ. ಬೆಳಗಿನಿಂದ ಬಿಸಿಲಲ್ಲಿ ಬೆಂದವರಿಗೂ ಒಂದು ದೆನಾರಿ. ಅವರು ಗೊಣಗುತ್ತಾರೆ. ಯಜಮಾನ ಹೇಳುತ್ತಾನೆ, ನಿನಗೇನೂ ಮೋಸ ಮಾಡಿಲ್ಲವಲ್ಲ, ಮಾತಾಡಿದ್ದು ಒಂದು ದೆನಾರಿಗೇ ಅಲ್ವಾ, ಈ ಕೊನೆಯವನಿಗೂ ನಿನ್ನಷ್ಟೇ ಕೊಡೋದು ನನ್ನ ಇಷ್ಟ.

ದೆನಾರಿ ಅಂದರೆ ರೋಮನ್ನರ ಬೆಳ್ಳಿ ನಾಣ್ಯ, ಆಗಿನ ಕಾಲಕ್ಕೆ ಒಬ್ಬ ಕೂಲಿಯವನ ಒಂದು ದಿನದ ಸಂಪಾದನೆ. ಅದು ಬಂದರೆ ಮನೆಯಲ್ಲಿ ಆ ದಿನದ ಊಟ. ಐದಕ್ಕೆ ಬಂದವನು ದುಡಿದದ್ದು ಒಂದೇ ಗಂಟೆ, ಲೆಕ್ಕಕ್ಕೆ ಸರಿಯಾಗಿ ಕೊಟ್ಟರೆ ಅವನಿಗೆ ಹನ್ನೆರಡರಲ್ಲಿ ಒಂದು ಪಾಲು. ಅಷ್ಟರಲ್ಲಿ ಮಕ್ಕಳಿಗೆ ಏನು ತಿನ್ನಿಸುತ್ತಾನೆ? ಯೆಹೂದ್ಯರ ಕಟ್ಟಳೆಯಲ್ಲೇ ಈ ಕಾಳಜಿ ಇತ್ತು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ಧರ್ಮೋಪದೇಶಕಾಂಡದ 24ನೇ ಅಧ್ಯಾಯ ನೋಡಿ. ಬಡ ಕೂಲಿಯವನ ದುಡ್ಡನ್ನು ಅದೇ ದಿನ, ಹೊತ್ತು ಮುಳುಗುವ ಮುಂಚೆ ಕೊಡಬೇಕು, ಅವನ ಜೀವ ಅದರ ಮೇಲೇ ನಿಂತಿದೆ ಅಂತ ಇದೆ. ಯೇಸುವಿನ ಮಾತು ಕೇಳುತ್ತಿದ್ದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ನನಗೆ ಈ ಕತೆ ಅರ್ಥವಾಗಿದ್ದು ಚರ್ಚಿನಲ್ಲಲ್ಲ. ಬೇಸಿಗೆ ರಜದಲ್ಲಿ ಆಳುಗಳ ಲೆಕ್ಕ ಬರೆಯೋಕೆ ಅಪ್ಪ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು, ಆಗ ನನಗೆ ಹದಿನಾಲ್ಕು ಇರಬೇಕು. ಬೆಳಿಗ್ಗೆ ಆರೂವರೆಗೆಲ್ಲ ಆಳು ನಿಲ್ಲುವ ಸರ್ಕಲ್ಲಿಗೆ ಹೋಗುತ್ತಿದ್ದೆವು. ಬ್ಯಾಗಿನಿಂದ ಕರಣೆಯ ಹಿಡಿ ಹೊರಗೆ ಕಾಣುವ ಹಾಗೆ ಇಟ್ಟುಕೊಂಡು ಗಂಡಾಳುಗಳು ಒಂದು ಕಡೆ, ಹೆಣ್ಣಾಳುಗಳು ಇನ್ನೊಂದು ಕಡೆ. ಟೆಂಪೋ ನಿಂತ ತಕ್ಷಣ ಮುತ್ತಿಕೊಳ್ಳುತ್ತಿದ್ದರು. ಮೇಸ್ತ್ರಿಗಳು ನೋಡುತ್ತಿದ್ದದ್ದು ತೋಳು, ಬೆನ್ನು. ನಮ್ಮಪ್ಪನೂ ಅಷ್ಟೇ.

ಒಂದು ದಿನ ಸಿಮೆಂಟು ಸಾಲದೆ ಹನ್ನೊಂದು ಗಂಟೆಗೆ ಅದೇ ದಾರಿಯಲ್ಲಿ ವಾಪಸ್ ಬಂದೆವು. ಬೆಳಿಗ್ಗೆ ನಾವು ಬಿಟ್ಟು ಹೋಗಿದ್ದ ಒಬ್ಬ ಮುದುಕ ಇನ್ನೂ ಅಲ್ಲೇ ಇದ್ದ. ಫುಟ್‌ಪಾತಿನ ಅಂಚಿನಲ್ಲಿ ಕೂತು, ಮಧ್ಯಾಹ್ನಕ್ಕೆ ಅಂತ ತಂದಿದ್ದ ಡಬ್ಬಿ ಬಿಚ್ಚಿ ಮುದ್ದೆ ತಿನ್ನುತ್ತಿದ್ದ. ಇವತ್ತು ಕೆಲಸ ಇಲ್ಲ ಅಂತ ಗೊತ್ತಾದ ಮೇಲೆ ಊಟಕ್ಕೆ ಮಧ್ಯಾಹ್ನದವರೆಗೆ ಯಾಕೆ ಕಾಯಬೇಕು? ತಿಂದು, ಡಬ್ಬಿಗೆ ನೀರು ಹಾಕಿ ಅಲ್ಲಾಡಿಸಿ, ಆ ನೀರನ್ನೂ ಕುಡಿದು, ಡಬ್ಬಿ ಬ್ಯಾಗಿಗೆ ಹಾಕಿಕೊಂಡ. ಆದರೆ ಎದ್ದು ಮನೆಗೆ ಹೋಗಲಿಲ್ಲ. ಮತ್ತೆ ರಸ್ತೆ ನೋಡುತ್ತಾ ಕೂತ. ಅಪ್ಪ ಅವತ್ತು ಅವನನ್ನು ಕರೆಯಲಿಲ್ಲ, ಕರೆಯಲು ನಮ್ಮಲ್ಲೂ ಕೆಲಸ ಇರಲಿಲ್ಲ.

ಆಮೇಲೆ ಕತೆಯನ್ನು ಮತ್ತೆ ಓದಿದಾಗ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಯಜಮಾನ ಐದು ಗಂಟೆಗೆ ನಿಂತವರನ್ನು ಕೇಳುತ್ತಾನೆ, ಯಾಕೆ ದಿನವೆಲ್ಲ ಸುಮ್ನೆ ನಿಂತಿದ್ದೀರಿ ಅಂತ. ಅವರು ಹೇಳೋದು ಒಂದೇ ಮಾತು: "ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ." ನಾವೆಲ್ಲ ಅವರನ್ನು ತಡವಾಗಿ ಬಂದವರು, ಸೋಮಾರಿಗಳು ಅಂತ ಓದಿಕೊಳ್ಳುತ್ತೇವೆ. ಕತೆಯಲ್ಲಿ ಹಾಗೆ ಎಲ್ಲೂ ಇಲ್ಲ. ಅವರು ನಿಂತೇ ಇದ್ದವರು, ಯಾರಿಗೂ ಬೇಡವಾದವರು. ಬಿಸಿಲಲ್ಲಿ ದುಡಿಯೋದು ಕಷ್ಟ, ಒಪ್ಪುತ್ತೇನೆ. ಬೆಳಗಿನಿಂದ ಸಂಜೆಯವರೆಗೆ ಯಾರಾದರೂ ಕರೆಯುತ್ತಾರಾ ಅಂತ ಕಾಯೋದೂ ಕಷ್ಟವೇ, ಅದಕ್ಕೆ ಬಟವಾಡೆ ಇಲ್ಲ.

ಅಪ್ಪನ ಮಾತು ಸೈಟ್ ನಡೆಸೋಕೆ ಸರಿ. ಈ ಕತೆ ಮೇಸ್ತ್ರಿಗಳಿಗೆ ಬರೆದ ಕೂಲಿ ನಿಯಮ ಅಲ್ಲ. ಇದಕ್ಕೆ ಸ್ವಲ್ಪ ಮುಂಚೆ, 19ನೇ ಅಧ್ಯಾಯದಲ್ಲಿ, ಶಿಷ್ಯ ಪೇತ್ರ ಯೇಸುವನ್ನು ಕೇಳಿರುತ್ತಾನೆ: ನಾವು ಎಲ್ಲಾ ಬಿಟ್ಟು ನಿನ್ನ ಹಿಂದೆ ಬಂದೆವಲ್ಲ, ನಮಗೇನು ಸಿಗುತ್ತೆ? ಮೊದಲು ಬಂದವನ ಪ್ರಶ್ನೆ ಅದು. ನಾನು ಜಾಸ್ತಿ ಮಾಡಿದ್ದೀನಿ, ನನಗೆ ಜಾಸ್ತಿ ಬರಬೇಕು.

ಮೊದಲು ಬಂದವರಿಗೆ ಮೊದಲು ಕೊಟ್ಟಿದ್ದರೆ ಅವರು ದುಡ್ಡು ಎಣಿಸಿಕೊಂಡು ಖುಷಿಯಾಗಿ ಮನೆಗೆ ಹೋಗುತ್ತಿದ್ದರು. ಕೊನೆಯವರಿಗೆ ಮೊದಲು ಕೊಟ್ಟಿದ್ದರಿಂದ ಅವರು ಅದನ್ನು ಕಣ್ಣಾರೆ ನೋಡಬೇಕಾಯಿತು. ನೋಡಿದ ತಕ್ಷಣ ಕೈಯಲ್ಲಿದ್ದ ಅದೇ ದುಡ್ಡು ಕಡಿಮೆ ಅನ್ನಿಸಿತು. ಯಜಮಾನ ಕೊನೆಗೆ ಹೇಳುವ ಮಾತು ಗ್ರೀಕ್ ಮೂಲದಲ್ಲಿ ಹೀಗಿದೆ: "ನಾನು ಒಳ್ಳೆಯವನು ಅಂತ ನಿನ್ನ ಕಣ್ಣು ಕೆಟ್ಟದಾಯಿತೇ?" ಕೆಟ್ಟ ಕಣ್ಣು ಅಂದರೆ ಏನು ಅಂತ, ಮಗುವಿಗೆ ದೃಷ್ಟಿ ತೆಗೆಯುವ ನಮ್ಮ ಜನಕ್ಕೆ ಹೇಳಿಕೊಡಬೇಕಾ?

ಇದು ನನ್ನ ಬದುಕಿಗೆ ಹೇಗೆ ಬಂತು ಅಂತ ಹೇಳುತ್ತೇನೆ, ನೀವು ಕೇಳಿದ್ದೂ ಅದನ್ನೇ. ಅಮ್ಮ ಎರಡು ವರ್ಷ ಹಾಸಿಗೆ ಹಿಡಿದಿದ್ದರು, 2022ರಲ್ಲಿ ತೀರಿಕೊಂಡರು. ಆ ಎರಡು ವರ್ಷ ಮಗ್ಗುಲು ತಿರುಗಿಸಿದ್ದು, ಸ್ನಾನ ಮಾಡಿಸಿದ್ದು, ರಾತ್ರಿ ಎದ್ದಿದ್ದು ಎಲ್ಲ ನಾನು. ತಮ್ಮ ಹೊರದೇಶದಲ್ಲಿದ್ದ, ಕೊನೆಯ ಇಪ್ಪತ್ತು ದಿನಕ್ಕೆ ಬಂದ. ಅಮ್ಮನ ಹತ್ತಿರ ಎರಡು ಚಿನ್ನದ ಬಳೆ ಇತ್ತು. ಒಂದು ನನಗೆ, ಒಂದು ತಮ್ಮನಿಗೆ ಅಂತ ಹೇಳಿ ಹೋದರು. ನನಗೆ ಚಿನ್ನದ ಆಸೆ ಇರಲಿಲ್ಲ, ನಿಜವಾಗಿ ಇರಲಿಲ್ಲ, ಆದರೆ ಆ ಸಮ ಪಾಲು ನುಂಗೋಕೆ ಆಗಲಿಲ್ಲ, ಒಂದು ವರ್ಷ ತಮ್ಮನ ಫೋನಿಗೆ ಹೂಂ ಉಹೂಂ ಅಂತಷ್ಟೇ ಉತ್ತರ ಕೊಟ್ಟೆ. 2023ರ ಸೆಪ್ಟೆಂಬರಿನಲ್ಲಿ ಪೂಜೆಯಲ್ಲಿ ಮತ್ತೆ ಈ ಓದು ಬಂತು. ನನ್ನ ಕೈಯಲ್ಲಿ ಆ ಬಳೆ ಇತ್ತು. ತಮ್ಮನಿಗೆ ಸಿಕ್ಕಿದ್ದರಿಂದ ಅದರ ತೂಕ ಒಂದು ಗುಲಗಂಜಿಯಷ್ಟೂ ಕಡಿಮೆ ಆಗಿರಲಿಲ್ಲ. ಮತ್ತೆ ಆ ಹುಡುಗ ಎರಡು ವರ್ಷ ಅಲ್ಲಿ ರಜೆ ಸಿಗದೆ, ಅಮ್ಮನ್ನ ನೋಡ್ತೀನೋ ಇಲ್ವೋ ಅಂತ ಒದ್ದಾಡುತ್ತಿದ್ದ ಅನ್ನೋದು ನನಗೆ ಹೊಳೆದದ್ದೇ ಅವತ್ತು. ಅವನೂ ನಿಂತೇ ಇದ್ದವನು. ಸಂಜೆ ಫೋನ್ ಮಾಡಿದೆ. ಅಮ್ಮ ಮಾಡುತ್ತಿದ್ದ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ಬಗ್ಗೆ ಮಾತಾಡಿದೆವು. ಬಳೆಯ ವಿಷಯ ಎತ್ತಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಈ ಕತೆಯನ್ನು ಸಂಬಳ ಜಾಸ್ತಿ ಕೇಳಿದವರ ಬಾಯಿ ಮುಚ್ಚಿಸೋಕೆ ಬಳಸುವವರಿದ್ದಾರೆ. "ಇನ್ನೊಬ್ಬರ ಸಂಬಳ ನೋಡಬೇಡ" ಅಂತ. ಅದು ತಪ್ಪು. ಈ ಯಜಮಾನ ಮಾತಾಡಿದ ಕೂಲಿಯನ್ನು ಪೂರ್ತಿ ಕೊಟ್ಟ, ಅದೇ ಸಂಜೆ ಕೊಟ್ಟ, ಯಾರದ್ದನ್ನೂ ಮುರಿದುಕೊಳ್ಳಲಿಲ್ಲ. ಕಡಿಮೆ ಬರಬೇಕಾದವನಿಗೆ ಜಾಸ್ತಿ ಕೊಟ್ಟ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಮೂರು ತಿಂಗಳ ಸಂಬಳ ಬಾಕಿ ಇಟ್ಟುಕೊಂಡು ತಾಳ್ಮೆಯ ಪಾಠ ಹೇಳುತ್ತಿದ್ದರು. ಅಂಥವರ ಪರವಾಗಿ ಈ ಕತೆಯಲ್ಲಿ ಒಂದು ಅಕ್ಷರವೂ ಇಲ್ಲ.

ಕ್ರೈಸ್ತನಲ್ಲ ಅಂದಿರಿ, ಅದಕ್ಕೆ ಇದನ್ನೂ ಹೇಳುತ್ತೇನೆ. "ಈ ಕೊನೆಯವನಿಗೂ" ಅನ್ನುವ ಯಜಮಾನನ ಮಾತನ್ನೇ ಹೆಸರಾಗಿಟ್ಟು ಇಂಗ್ಲೆಂಡಿನ ಜಾನ್ ರಸ್ಕಿನ್ 1860ರಲ್ಲಿ ಲೇಖನಗಳನ್ನು ಬರೆದರು. 1904ರಲ್ಲಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೋಗುವ ರೈಲಿನಲ್ಲಿ ಗಾಂಧೀಜಿ ಆ ಪುಸ್ತಕ ಓದಿದರು. ಆ ರಾತ್ರಿ ನಿದ್ದೆ ಬರಲಿಲ್ಲ ಅಂತ ಆತ್ಮಕತೆಯಲ್ಲಿ ಬರೆದುಕೊಂಡಿದ್ದಾರೆ. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ ಅನ್ನೋದು ಅವರಿಗೆ ಅಲ್ಲಿ ಸಿಕ್ಕಿದ ಮಾತು. ಅದರಿಂದಲೇ ಫೀನಿಕ್ಸ್ ಆಶ್ರಮ ಶುರುವಾಯಿತು. ಅಲ್ಲಿ ಎಲ್ಲರಿಗೂ ತಿಂಗಳಿಗೆ ಒಂದೇ 3 ಪೌಂಡ್ ಅಂತ ಮಾಡಿದ್ದರು. 1908ರಲ್ಲಿ ಆ ಪುಸ್ತಕವನ್ನೇ ಗುಜರಾತಿ ಭಾಷೆಗೆ ತಂದು ಇಟ್ಟ ಹೆಸರು ಸರ್ವೋದಯ. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಆ ಪದಕ್ಕೂ ಈ ಕೂಲಿಗಳಿಗೂ ನೆಂಟಸ್ತಿಕೆ ಇದೆ.

ಮುಂದೆ ಏನು ಓದಬೇಕು ಅಂದರೆ ಮತ್ತಾಯ 18ರ ಸಾಲದ ಕತೆ ಓದಿ. ಹತ್ತು ಸಾವಿರ ತಲಾಂತು ಮನ್ನಾ ಆದವನು, ಜೊತೆ ಆಳಿನ 100 ದೆನಾರಿಗೆ ಕುತ್ತಿಗೆ ಹಿಡಿಯುತ್ತಾನೆ. ಒಂದು ತಲಾಂತಿಗೆ ಸುಮಾರು 6,000 ದೆನಾರಿ, ಅಂದರೆ ಬಿಟ್ಟಿದ್ದು 6 ಕೋಟಿ ದಿನದ ಕೂಲಿ, ಇವನು ಬಿಡದೆ ಇದ್ದದ್ದು 100 ದಿನದ್ದು. ಆಮೇಲೆ ಲೂಕ 15. ದಾರಿ ತಪ್ಪಿದ ಮಗ ವಾಪಸ್ ಬರುವ ಕತೆ ಅಂತ ಎಲ್ಲರಿಗೂ ಗೊತ್ತು. ನೀವು ಮೊದಲ ಸಲ ಅದನ್ನು ಬಿಟ್ಟು, 25ನೇ ವಾಕ್ಯದಿಂದ ಓದಿ. ಹೊಲದಲ್ಲಿ ದುಡಿದು ಬಂದ ಅಣ್ಣ, ಒಳಗೆ ತಮ್ಮನಿಗೆ ಮಾಡಿಸಿದ ಹಬ್ಬದೂಟದ ಸದ್ದು ಕೇಳಿ, ಒಳಗೆ ಬರಲ್ಲ ಅಂತ ಹೊರಗೇ ನಿಂತಿರುತ್ತಾನೆ. ಅಪ್ಪ ಹೊರಗೆ ಬಂದು ಅವನನ್ನು ಬೇಡಿಕೊಳ್ಳುತ್ತಾನೆ. ಓದಿದ ಮೇಲೆ ನಿಮಗೆ ಯಾರ ಮೇಲೆ ಸಿಟ್ಟು ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ.