ಗುಟ್ಟು ಸೋರುವುದಿಲ್ಲ ಎಂದ ಮೇಲೆ ಓಪನ್‌ಎಸ್‌ಎಸ್‌ಎಲ್ ಲೋಪಕ್ಕೆ ಇಷ್ಟು ಆತುರವೇಕೆ?

ನಿಮ್ಮ ಹಳೆಯ ಸರ್ವರಿನಲ್ಲಿ ಜಾಲದ ಸಂಪರ್ಕಗಳನ್ನು ಗೂಢಲಿಪಿಯಿಂದ ಕಾಯುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ 1.1.1ಕೆ ಆವೃತ್ತಿ ಇದೆ, ಆಡಿಟ್ ವರದಿಯಲ್ಲಿ ಸಿವಿಇ-2022-0778 (ಸಿವಿಇ ಎಂದರೆ ಬಹಿರಂಗವಾದ ಲೋಪಗಳಿಗೆ ಕೊಡುವ ಗುರುತಿನ ಸಂಖ್ಯೆ) ‘ಹೈ’ ಎಂದೂ ಸಿವಿಇ-2023-3446 ‘ಲೋ’ ಎಂದೂ ಬಂದಿವೆ, ಎರಡೂ ‘ಡಿನಯಲ್ ಆಫ್ ಸರ್ವಿಸ್’, ಅಂದರೆ ಸೇವೆಯನ್ನು ಸ್ಥಗಿತಗೊಳಿಸುವ ಬಗೆಯವು, ಕೀಲಿಯಾಗಲಿ ಗ್ರಾಹಕರ ಮಾಹಿತಿಯಾಗಲಿ ಸೋರುವುದಿಲ್ಲವಾದ್ದರಿಂದ ತಿಂಗಳ ಕೊನೆಯ ರಿಲೀಸ್‌ವರೆಗೆ ಕಾಯಬಾರದೇಕೆ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲಿ ಹನ್ನೆರಡು ವರ್ಷಗಳಿಂದ ಸರ್ವರ್ ನೋಡಿಕೊಳ್ಳುವುದೇ ನನ್ನ ಕೆಲಸ. ಎರಡನೆಯದಕ್ಕೆ ನೀವು ಬಹುಮಟ್ಟಿಗೆ ಕಾಯಬಹುದು. ಮೊದಲನೆಯದಕ್ಕೆ ಕಾಯಬಾರದು ಎಂಬುದು ನನ್ನ ಅಭಿಪ್ರಾಯ.

ಸಾಮಾನ್ಯ ತಂತ್ರಾಂಶದಲ್ಲಿ ಇಂಥ ಲೋಪವಿದ್ದರೆ ಲಾಗಿನ್ ಆದವರಷ್ಟೇ ಅದನ್ನು ಮುಟ್ಟಬಲ್ಲರು ಎಂಬ ಸಮಾಧಾನ ಹಲವು ಬಾರಿ ಇರುತ್ತದೆ. ಗೂಢಲಿಪಿಯ ತಂತ್ರಾಂಶಕ್ಕೆ ಆ ಸಮಾಧಾನವಿಲ್ಲ. ಬಂದವರು ಯಾರು ಎಂದು ತಿಳಿಯುವುದೇ ಅದರ ಕೆಲಸವಾದ್ದರಿಂದ, ಯಾರೆಂದು ತಿಳಿಯುವ ಮೊದಲೇ ಅವರು ಕೊಟ್ಟ ಕಾಗದವನ್ನು ಬಿಡಿಸಿ ಓದಬೇಕಾಗುತ್ತದೆ. ಗೇಟಿನ ಸೆಕ್ಯುರಿಟಿಯವರು ಗುರುತಿನ ಚೀಟಿ ಓದುತ್ತ ಓದುತ್ತ ಅಲ್ಲೇ ಸಿಕ್ಕಿಬಿದ್ದರೆ, ಚೀಟಿ ನಕಲಿಯೆಂದು ಹೇಳಲು ಯಾರೂ ಉಳಿಯುವುದಿಲ್ಲ.

0778ರಲ್ಲಿ ಆಗುವುದು ಅಕ್ಷರಶಃ ಇದೇ. ಗೂಗಲ್‌ನ ಟ್ಯಾವಿಸ್ ಓರ್ಮಂಡಿ ಪತ್ತೆಹಚ್ಚಿದ ಈ ಲೋಪಕ್ಕೆ 2022ರ ಮಾರ್ಚ್ 15ರಂದು 1.1.1ಎನ್ ಮತ್ತು 3.0.2 ಆವೃತ್ತಿಗಳಲ್ಲಿ ಪರಿಹಾರ ಬಂತು. ಎಲಿಪ್ಟಿಕ್ ಕರ್ವ್ (ಗಣಿತದ ಒಂದು ವಕ್ರರೇಖೆ) ಕೀಲಿಯಿರುವ ಸರ್ಟಿಫಿಕೇಟಿನಲ್ಲಿ, ಅಂದರೆ ಡಿಜಿಟಲ್ ಗುರುತಿನ ಚೀಟಿಯಲ್ಲಿ, ಬಿಂದುವಿನ ಒಂದು ನಿರ್ದೇಶಾಂಕವನ್ನು ಮಾತ್ರ ಬರೆದು, ಇನ್ನೊಂದನ್ನು ಓದುವವರೇ ಲೆಕ್ಕಹಾಕಿಕೊಳ್ಳಲಿ ಎಂದು ಬಿಡುವ ಸಂಕ್ಷಿಪ್ತ ರೂಪವೊಂದಿದೆ. ಆ ಲೆಕ್ಕಕ್ಕೆ ಮಾಡ್ಯುಲಸ್ ಎಂಬ ಸಂಖ್ಯೆಯಿಂದ ಭಾಗಿಸಿದಾಗ ಉಳಿಯುವ ಶೇಷಗಳಲ್ಲೇ ವರ್ಗಮೂಲ ತೆಗೆಯಬೇಕು, ಅದಕ್ಕೆ ಬಳಸುವ ಟೋನೆಲ್ಲಿ–ಶ್ಯಾಂಕ್ಸ್ ವಿಧಾನವು ಮಾಡ್ಯುಲಸ್ ಅವಿಭಾಜ್ಯ ಸಂಖ್ಯೆಯೆಂದು ನಂಬಿಕೊಂಡು ಹೊರಡುತ್ತದೆ. ಕರ್ವಿನ ಮಾನಗಳನ್ನೂ ಸರ್ಟಿಫಿಕೇಟಿನೊಳಗೇ ಬರೆಯಲು ಅವಕಾಶವಿರುವುದರಿಂದ ಕಿಡಿಗೇಡಿಯೊಬ್ಬ ಅಲ್ಲಿ ಅವಿಭಾಜ್ಯವಲ್ಲದ ಸಂಖ್ಯೆಯನ್ನು ಇಡಬಹುದು. ಆಗ ಉತ್ತರವೇ ಇಲ್ಲದ ಲೆಕ್ಕದಲ್ಲಿ ಲೂಪು ತಿರುಗುತ್ತದೆ. ಅದನ್ನು ನಿಲ್ಲಿಸಲೆಂದು ಇಟ್ಟಿದ್ದ ಷರತ್ತು ಎಣಿಕೆಯು ಮಿತಿಗೆ ಸಮವಾಯಿತೇ ಎಂದು ಕೇಳುತ್ತಿತ್ತೇ ಹೊರತು ಮಿತಿಯನ್ನು ದಾಟಿತೇ ಎಂದು ಕೇಳುತ್ತಿರಲಿಲ್ಲ. ಮೊದಲ ಹೆಜ್ಜೆಯಲ್ಲೇ ಮಿತಿ ದಾಟಿಹೋದರೆ ಆ ಲೂಪಿಗೆ ಕೊನೆಯೇ ಇಲ್ಲ. ಸರ್ಟಿಫಿಕೇಟಿನ ಸಹಿ ಪರಿಶೀಲಿಸುವುದು ಇದೆಲ್ಲ ಮುಗಿದ ಮೇಲೆ. ಹಾಗಾಗಿ ದಾಳಿಕೋರನಿಗೆ ಯಾವ ಸಂಸ್ಥೆಯ ಸಹಿಯೂ ಬೇಕಿಲ್ಲ.

ಆ ಮಾರ್ಚ್‌ನಲ್ಲಿ ನಾನು ಜೆ.ಪಿ. ನಗರದ ಒಂದು ಸಣ್ಣ ಕಂಪನಿಯಲ್ಲಿದ್ದೆ. ನಮ್ಮ ಸರ್ವರುಗಳು ಬಳಕೆದಾರರಿಂದ ಸರ್ಟಿಫಿಕೇಟ್ ಕೇಳುತ್ತಿರಲಿಲ್ಲವಾದ್ದರಿಂದ ಇದು ನಮಗೆ ತಟ್ಟುವುದಿಲ್ಲ ಎಂದು ನಾನೇ ಮೇಲ್ ಬರೆದು ಕಳಿಸಿದ್ದೆ. ಗ್ರಾಹಕರು ತಮ್ಮ ಡೊಮೈನಿನ ಸರ್ಟಿಫಿಕೇಟನ್ನು ಅಪ್‌ಲೋಡ್ ಮಾಡುವ ಪುಟವೊಂದು ಇದೆಯಲ್ಲ ಎಂದು ನೆನಪಿಸಿದವರು ಟೆಸ್ಟಿಂಗ್‌ನ ಸಹೋದ್ಯೋಗಿ. ಆಗಲೇ ಬಹಿರಂಗವಾಗಿದ್ದ ಮಾದರಿ ಸರ್ಟಿಫಿಕೇಟೊಂದನ್ನು ಟೆಸ್ಟ್ ಯಂತ್ರಕ್ಕೆ ಹಾಕಿ, ಅದರಲ್ಲಿರುವುದನ್ನು ತೋರಿಸು ಎಂಬ ಸರಳ ಕಮಾಂಡ್ ಕೊಟ್ಟೆವು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರಬೇಕಾದ ಕಡೆ ಕರ್ಸರ್ ಮಿನುಗುತ್ತ ನಿಂತಿತು. ಚಹಾ ಕುಡಿದು ಬಂದರೂ ಹಾಗೆಯೇ ಇತ್ತು. ಓಡುತ್ತಿರುವ ಪ್ರಾಸೆಸ್ಸುಗಳನ್ನು ತೋರಿಸುವ ‘ಟಾಪ್’ ತೆರೆದರೆ ಆ ಪ್ರಾಸೆಸ್ಸಿನ ಎದುರು ಸಿಪಿಯು ಶೇಕಡಾ ನೂರು. ಮೆಮೊರಿ ಏರಿಲ್ಲ, ಲಾಗಿನಲ್ಲಿ ಒಂದು ಸಾಲೂ ಇಲ್ಲ. ಕುಸಿದು ಬಿದ್ದಿದ್ದರೆ ತಾನಾಗಿಯೇ ಮರಳಿ ಏಳುತ್ತಿತ್ತು, ಅಲರ್ಟ್ ಬರುತ್ತಿತ್ತು. ಇದು ಬೀಳುವುದೇ ಇಲ್ಲ. ಕೋರಿಕೆಗಳನ್ನು ನಿಭಾಯಿಸುವ ವರ್ಕರ್ ಪ್ರಾಸೆಸ್ಸುಗಳು ನಾಲ್ಕಿದ್ದರೆ ನಾಲ್ಕು ಸರ್ಟಿಫಿಕೇಟು ಸಾಕು, ಅಲ್ಲಿಯವರೆಗೆ ಹೆಲ್ತ್ ಚೆಕ್ ಹಸಿರಾಗಿಯೇ ಇರಬಹುದು.

ಆದ್ದರಿಂದ ನಿಮ್ಮ ಸರ್ವರಿನ ಬಗ್ಗೆ ಕೇಳಿಕೊಳ್ಳಬೇಕಾದ ಪ್ರಶ್ನೆ, ಅಪರಿಚಿತರ ಸರ್ಟಿಫಿಕೇಟನ್ನು ನಮ್ಮ ಕಡೆ ಯಾವುದು ಓದುತ್ತದೆ ಎಂಬುದು. ಕ್ಲೈಂಟ್ ಸರ್ಟಿಫಿಕೇಟ್ ಕೇಳುವ ಎಪಿಐ, ಅಪ್‌ಲೋಡ್ ಪುಟ, ಹಾಗೂ ಹಲವರು ಮರೆಯುವ ಇನ್ನೊಂದು: ಗ್ರಾಹಕರು ಕೊಟ್ಟ ವಿಳಾಸಕ್ಕೆ ನಿಮ್ಮ ಸರ್ವರೇ ಹೋಗಿ ಮುಟ್ಟುವ ವೆಬ್‌ಹುಕ್. ಅಲ್ಲಿ ನೀವು ಕ್ಲೈಂಟ್, ಎದುರಿನವರ ಸರ್ಟಿಫಿಕೇಟನ್ನು ಓದಲೇಬೇಕು.

3446ರ ಕಥೆ ಬೇರೆ. ಡಿಫಿ–ಹೆಲ್ಮನ್ (ಇಬ್ಬರು ಸೇರಿ ಗುಟ್ಟಿನ ಕೀಲಿಯೊಂದನ್ನು ಗೊತ್ತುಮಾಡಿಕೊಳ್ಳುವ ವಿಧಾನ) ಮಾನಗಳನ್ನು ಪರಿಶೀಲಿಸುವ ಫಂಕ್ಷನ್ 10,000 ಬಿಟ್ ಮೀರಿದ ಮಾಡ್ಯುಲಸನ್ನು ಅತಿಯಾಯಿತು ಎಂದು ಗುರುತಿಸಿದ ಮೇಲೂ ಉಳಿದ ಪರೀಕ್ಷೆಗಳನ್ನು ಅದೇ ಸಂಖ್ಯೆಯ ಮೇಲೆ ನಡೆಸುತ್ತ ನಿಧಾನವಾಗುತ್ತಿತ್ತು. ಓಪನ್‌ಎಸ್‌ಎಸ್‌ಎಲ್‌ನಲ್ಲಿ ಸುರಕ್ಷಿತ ಸಂಪರ್ಕ ನಡೆಸುವ ಟಿಎಲ್‌ಎಸ್ ಭಾಗಕ್ಕೆ ಇದು ತಟ್ಟುವುದಿಲ್ಲ. ನಿಮ್ಮದೇ ಕೋಡು ಹೊರಗಿನವರ ಮಾನಗಳನ್ನು ತಂದು ಆ ಫಂಕ್ಷನ್ನಿಗೆ ಕೊಡುತ್ತಿಲ್ಲವಾದರೆ ತಿಂಗಳ ಕೊನೆಯವರೆಗೆ ನಿಶ್ಚಿಂತೆಯಿಂದಿರಿ.

ಸೋರಿಕೆಯಿಲ್ಲದಿದ್ದರೆ ಹಾನಿಯಿಲ್ಲ ಎಂಬ ನಿಮ್ಮ ಮಾತನ್ನು ಮಾತ್ರ ನಾನು ಒಪ್ಪಲಾರೆ. 2019ರ ಜೂನ್‌ನಲ್ಲಿ ಎಸ್‌ಕೆಎಸ್ ಕೀಸರ್ವರುಗಳಲ್ಲಿದ್ದ (ಸಾರ್ವಜನಿಕ ಕೀಲಿಗಳನ್ನು ಹಂಚುವ ಸರ್ವರುಗಳು) ಇಬ್ಬರ ಓಪನ್‌ಪಿಜಿಪಿ (ಮೇಲ್ ಮತ್ತು ಕಡತಗಳ ಗೂಢಲಿಪಿಯ ಮಾನದಂಡ) ಸಾರ್ವಜನಿಕ ಕೀಲಿಗಳಿಗೆ ಯಾರೋ ಹತ್ತಾರು ಸಾವಿರ ಸಹಿಗಳನ್ನು ಅಂಟಿಸಿದರು. ಯಾರ ಕೀಲಿಗೆ ಯಾರು ಬೇಕಾದರೂ ಸಹಿ ಸೇರಿಸಬಹುದಿತ್ತು, ಸೇರಿಸಿದ್ದನ್ನು ಅಳಿಸುವ ಏರ್ಪಾಡು ಇರಲಿಲ್ಲ. ಆ ಕೀಲಿಯನ್ನು ತರಿಸಿಕೊಂಡವರ ಜಿಎನ್‌ಯುಪಿಜಿ (ಓಪನ್‌ಪಿಜಿಪಿ ಬಳಸುವ ತಂತ್ರಾಂಶ) ಸ್ತಬ್ಧವಾಗುತ್ತಿತ್ತು. ಒಂದು ಗುಟ್ಟೂ ಬಯಲಾಗಲಿಲ್ಲ, ಆದರೆ ಸಹಿ ಪರಿಶೀಲಿಸಬೇಕಾದ ಉಪಕರಣವೇ ಕೈಕೊಟ್ಟಿತು. ಬೇರೆಯವರ ಸಹಿಗಳನ್ನು ಕೀಸರ್ವರಿನಿಂದ ತರಿಸಿಕೊಳ್ಳದಿರುವುದೇ ಜಿಎನ್‌ಯುಪಿಜಿಯ 2.2.17 ಆವೃತ್ತಿಯಿಂದ ಡೀಫಾಲ್ಟ್ ಆಯಿತು.

ಪ್ಯಾಚ್ ಹಾಕುವಾಗ ಆವೃತ್ತಿಯ ಸಂಖ್ಯೆಯೊಂದನ್ನೇ ನಂಬಬೇಡಿ. ಉಬುಂಟು 20.04 ಕೊನೆಯವರೆಗೂ 1.1.1ಎಫ್ ಎಂದೇ ತೋರಿಸುತ್ತ, ಪರಿಹಾರಗಳನ್ನು ಪ್ಯಾಕೇಜಿನ ಬಾಲದ ಸಂಖ್ಯೆಯಲ್ಲಿ ಸೇರಿಸುತ್ತಿತ್ತು. ನೋಡ್‌ಜೆಎಸ್ ಸಾಮಾನ್ಯವಾಗಿ ತನ್ನದೇ ಪ್ರತಿಯನ್ನು ಒಳಗಿಟ್ಟುಕೊಂಡು ಬರುತ್ತದೆ. ಪ್ಯಾಕೇಜ್ ಬದಲಾದ ಮೇಲೆ ಸೇವೆಗಳನ್ನು ರೀಸ್ಟಾರ್ಟ್ ಮಾಡಿ. ನಾವು ಸಂಜೆ ಪ್ಯಾಚ್ ಹಾಕಿ, ಟಿಕೆಟ್ ಮುಚ್ಚಿ ಮನೆಗೆ ಹೋಗಿದ್ದೆವು. ಮರುದಿನ ಬೆಳಿಗ್ಗೆ, ಯಾವ ಪ್ರಾಸೆಸ್ಸು ಯಾವ ಕಡತ ತೆರೆದಿದೆ ಎಂದು ತೋರಿಸುವ ‘ಎಲ್‌ಎಸ್‌ಒಎಫ್’ ಓಡಿಸಿ ನೋಡಿದರೆ, ಅಪ್‌ಲೋಡ್ ಪುಟದ ಪ್ರಾಸೆಸ್ಸು ಡಿಸ್ಕಿನಿಂದ ಅಳಿಸಿಹೋಗಿದ್ದ ಹಳೆಯ ಲೈಬ್ರರಿಯನ್ನೇ ಇನ್ನೂ ಹಿಡಿದುಕೊಂಡು ಓಡುತ್ತಿತ್ತು.