ಲಾಕ್ ಪಾಠಕ್ಕೆ ಒಂದು ಅನಾನಸ್ ಹಣ್ಣು

ಪ್ರಶ್ನೆ: ಹುಟ್ಟುವಾಗ ಮನಸ್ಸು ಖಾಲಿ ಹಾಳೆ ಎಂದವನೂ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್. ಸರಕಾರಕ್ಕೆ ಜನರ ಒಪ್ಪಿಗೆ ಬೇಕು ಎಂದವನೂ ಅವನೇ. ಇವೆರಡಕ್ಕೂ ಏನಾದರೂ ಸಂಬಂಧ ಇದೆಯೇ?
– ಬಿ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೊದಲನೆಯದನ್ನು ತತ್ವಶಾಸ್ತ್ರದವರಿಗೆ, ಎರಡನೆಯದನ್ನು ರಾಜ್ಯಶಾಸ್ತ್ರದವರಿಗೆ ಹಂಚಿಬಿಟ್ಟಿದ್ದೇವೆ. ಇಪ್ಪತ್ತಾರು ವರ್ಷ ತತ್ವಶಾಸ್ತ್ರ ಪಾಠ ಮಾಡಿದ ನಾನೂ ಆ ಬೇಲಿ ದಾಟಲಿಲ್ಲ.

ಲಾಕ್ ಪಾಠದ ದಿನ ಒಂದು ಅನಾನಸ್ ಹಿಡಿದು ತರಗತಿಗೆ ಹೋಗುತ್ತಿದ್ದೆ. ಅದನ್ನು ತಿನ್ನದವನಿಗೆ ಬರೀ ಮಾತಿನಲ್ಲಿ ರುಚಿ ತಿಳಿಸಿ ನೋಡೋಣ ಎಂದು ಲಾಕ್ ಸವಾಲು ಹಾಕಿದ್ದಾನೆ. ಆಗಿನ ಇಂಗ್ಲೆಂಡಿನಲ್ಲಿ ಅದು ಅಪರೂಪದ ಹಣ್ಣು. ನಮ್ಮ ಹುಡುಗರು 'ಹುಳಿ-ಸಿಹಿ ಸರ್' ಎನ್ನುತ್ತಿದ್ದರು. ಹುಣಸೆ-ಬೆಲ್ಲದ ಗೊಜ್ಜೂ ಹುಳಿ-ಸಿಹಿಯೇ ಅಲ್ವಾ ಎಂದರೆ ಸುಮ್ಮನಾಗುತ್ತಿದ್ದರು. ಒಬ್ಬ ಮಾತ್ರ, 'ಅನುಭವವೇ ಮುಖ್ಯ ಅಂದ್ರಲ್ಲ ಸರ್, ಕೊಯ್ದುಬಿಡಿ' ಎಂದ. ಅವನಿಗೆ ಲಾಕ್ ಅರ್ಥವಾಗಿದ್ದ.

ಈಗ ನಿಮ್ಮ ಪ್ರಶ್ನೆ. ಕೆಲವು ಸತ್ಯಗಳು ಹುಟ್ಟುವಾಗಲೇ ಮನಸ್ಸಿನಲ್ಲಿ ಅಚ್ಚಾಗಿರುತ್ತವೆ ಎಂದು ಒಪ್ಪಿಕೊಂಡರೆ ಲಾಭ ಯಾರಿಗೆ? ಗುರುಗಳಾಗಿ, ಒಡೆಯರಾಗಿ ಮೆರೆಯುವವರಿಗೆ. 'ಇದು ಹುಟ್ಟಿನಿಂದ ಬಂದ ಸತ್ಯ, ಪ್ರಶ್ನೆ ಮಾಡಬೇಡ' ಎಂದರೆ ಅವರ ಕೆಲಸ ಮುಗಿಯಿತು. ಇದು ನನ್ನ ಊಹೆಯಲ್ಲ. ಜ್ಞಾನದ ಬಗ್ಗೆ ಬರೆದ ಪುಸ್ತಕದ ಮೊದಲ ಭಾಗದಲ್ಲೇ ಲಾಕ್ ಇದನ್ನು ಹೇಳಿದ್ದಾನೆ. ಇನ್ನೊಂದು ಕಡೆ ರಾಬರ್ಟ್ ಫಿಲ್ಮರ್ ಎಂಬವನ ವಾದವಿತ್ತು. ದೇವರು ಬೈಬಲ್ಲಿನ ಮೊದಲ ಮನುಷ್ಯ ಆದಾಮನಿಗೆ ಕೊಟ್ಟ ತಂದೆಯ ಅಧಿಕಾರವೇ ರಾಜರಿಗೆ ಇಳಿದು ಬಂದಿದೆಯಂತೆ! ಹಾಗಾದರೆ ಆದಾಮನ ಈಗಿನ ವಾರಸುದಾರ ಯಾರು, ತೋರಿಸಿ ಎಂದು ಸರಕಾರದ ಬಗ್ಗೆ ಬರೆದ ಪುಸ್ತಕದಲ್ಲಿ ಲಾಕ್ ಕೇಳಿದ. ಬೈಬಲ್ಲಿನ ಆಜ್ಞೆ ತಂದೆಯ ಜೊತೆ ತಾಯಿಯನ್ನೂ ಗೌರವಿಸು ಎನ್ನುತ್ತದಲ್ಲ, ತಾಯಿ ಎಲ್ಲಿ ಹೋದಳು ಎಂದೂ ಕೆಣಕಿದ. ಹುಟ್ಟಿನಿಂದ ಬಂದ ಸತ್ಯವೂ ಇಲ್ಲ, ಹುಟ್ಟಿನಿಂದ ಬಂದ ದೊರೆತನವೂ ಇಲ್ಲ. ಎರಡೂ ಪುಸ್ತಕ 1689ರಲ್ಲೇ ಹೊರಬಂದವು.

ಆದರೆ ಮೊದಲನೆಯದಕ್ಕೆ ಹೆಸರು ಹಾಕಿದ, ಸರಕಾರದ ಬಗ್ಗೆ ಬರೆದದ್ದಕ್ಕೆ ಹಾಕಲಿಲ್ಲ. 1704ರಲ್ಲಿ ಸಾಯುವ ಮುಂಚೆ ಉಯಿಲಿನಲ್ಲಷ್ಟೇ ಒಪ್ಪಿಕೊಂಡ. ಹೇಡಿ ಎನ್ನಬೇಡಿ. 1683ರಲ್ಲಿ ರಾಜನ ವಿರೋಧಿ ಅಲ್ಜರ್ನನ್ ಸಿಡ್ನಿಯ ತಲೆ ರಾಜದ್ರೋಹದ ಆರೋಪದಲ್ಲಿ ಹೋದಾಗ, ಅವನ ಹಸ್ತಪ್ರತಿಯೇ ಅವನ ವಿರುದ್ಧ ಸಾಕ್ಷಿಯಾಗಿತ್ತು. ಅದೇ ವರ್ಷ ಲಾಕ್ ಹಾಲೆಂಡಿಗೆ ಓಡಿಹೋಗಿದ್ದ.

ಪ್ರಶ್ನೆ: ಲಾಕ್‌ನನ್ನು ಸ್ವಾತಂತ್ರ್ಯದ ಗುರು ಎನ್ನುತ್ತೀರಿ. ಗುಲಾಮರ ವ್ಯಾಪಾರದಲ್ಲಿ ಅವನ ದುಡ್ಡಿತ್ತಂತೆ, ನಿಜವೇ?
– ಓದುಗರು, ಶಿವಮೊಗ್ಗ

ಉತ್ತರ: ನಿಜ. ಆಫ್ರಿಕಾದಿಂದ ಗುಲಾಮರನ್ನು ಸಾಗಿಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಷೇರು ಕೊಂಡಿದ್ದ. ಅಮೆರಿಕದ ಕೆರೊಲಿನಾ ವಸಾಹತಿನ ಒಡೆಯರಿಗೆ ಕಾರ್ಯದರ್ಶಿಯೂ ಆಗಿದ್ದ. ಅಲ್ಲಿಗೆಂದು 1669ರಲ್ಲಿ ಮಾಡಿದ ಸಂವಿಧಾನ, ಕಪ್ಪು ಗುಲಾಮರ ಮೇಲೆ ಯಜಮಾನನಿಗೆ ಪೂರ್ತಿ ಅಧಿಕಾರ ಕೊಟ್ಟಿತ್ತು. ಫಿಲ್ಮರ್‌ಗೆ ಕೊಟ್ಟ ಉತ್ತರವನ್ನು ಲಾಕ್ ಶುರು ಮಾಡುವುದೇ ಗುಲಾಮಗಿರಿ ಎಷ್ಟು ಹೀನ ಸ್ಥಿತಿ ಎಂಬ ಮಾತಿನಿಂದ. ಆ ಪುಟ ತೆರೆದಾಗಲೆಲ್ಲ ನನಗೆ ಆ ಷೇರು ನೆನಪಾಗುತ್ತದೆ.